ಮೊದಲ ಫ್ರೀ ಡಿಶ್: ಬಾಕ್ಸ್ ಕೊಳ್ಳುವ ಮುಂಚೆ ರಿಮೋಟ್ ಯಾರ ಕೈಯಲ್ಲಿದೆ ನೋಡಿ

ಪ್ರಶ್ನೆ: ನಮ್ಮೂರು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರಿನ ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ ಮತ್ತು ಅವರ ಮಕ್ಕಳು ಇದ್ದಾರೆ. ಈಗಿರುವ ಡಿಟಿಎಚ್‌ಗೆ ಪ್ರತಿ ತಿಂಗಳು ನಾನೇ ಇಲ್ಲಿಂದ ರೀಚಾರ್ಜ್ ಮಾಡಬೇಕು, ಮರೆತರೆ ಊರಿಂದ ಫೋನ್ ಬರುತ್ತದೆ. ಒಂದು ಸಲ ದುಡ್ಡು ಹಾಕಿ, ತಿಂಗಳ ರೀಚಾರ್ಜ್ ಇಲ್ಲದ ದೂರದರ್ಶನದ ಫ್ರೀ ಡಿಶ್ ಹಾಕಿಸಿಬಿಡೋಣ ಅಂತ ಯೋಚನೆ. ಒಬ್ಬ ಅಂಗಡಿಯವರು "ಆರು ಅಡಿ ಡಿಶ್ ಹಾಕಿಸಿ, ಎಲ್ಲಾ ಕನ್ನಡ ಚಾನೆಲ್ ಜೀವನಪೂರ್ತಿ ಫ್ರೀ" ಅಂದರು. ಇನ್ನೊಬ್ಬರು ಚಿಕ್ಕದೇ ಸಾಕು ಅಂದರು. ಯಾವುದು ತಗೊಳ್ಳಲಿ? ಮಾಳಿಗೆ ಮೇಲಿರುವ ಹಳೇ ಡಿಶ್ಶನ್ನೇ ಬಳಸಬಹುದಾ? ಹೊಸ ಟಿವಿ ಹಿಂದೆ ಸ್ಯಾಟಲೈಟ್ ಅಂತ ಬರೆದ ಒಂದು ತೂತು ಇದೆ, ಅದು ಏನಕ್ಕಾದರೂ ಬರುತ್ತಾ?

ಉತ್ತರ: ತಿರುಗಿ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಸಂಜೆ ಆರೂವರೆಯಿಂದ ರಾತ್ರಿ ಹತ್ತರವರೆಗೆ ನಿಮ್ಮ ಮನೆಯಲ್ಲಿ ರಿಮೋಟ್ ಯಾರ ಹತ್ತಿರ ಇರುತ್ತದೆ? ಅಮ್ಮನ ಹತ್ತಿರವೋ ಅತ್ತಿಗೆ ಹತ್ತಿರವೋ ಇದ್ದು, ಅವರು ದಿನಾ ಸೀರಿಯಲ್ ನೋಡುವವರಾದರೆ, ಫ್ರೀ ಡಿಶ್ ಹಾಕಿಸಿದ ಮಾರನೇ ದಿನವೇ ನಿಮಗೆ ಇನ್ನೊಂದು ಫೋನ್ ಬರುತ್ತದೆ. ಅದು ರೀಚಾರ್ಜ್ ಫೋನಿಗಿಂತ ಜೋರಾಗಿ ಇರುತ್ತದೆ. ಯಾಕೆಂದರೆ ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ, ಇವೆಲ್ಲ ದುಡ್ಡಿನ ಚಾನೆಲ್‌ಗಳು. ಫ್ರೀ ಡಿಶ್‌ನಲ್ಲಿ ಇವು ಬರುವುದಿಲ್ಲ. ಎಂಥ ದುಬಾರಿ ಬಾಕ್ಸ್ ತಂದರೂ ಬರುವುದಿಲ್ಲ, ಎಷ್ಟು ದೊಡ್ಡ ಡಿಶ್ ಇಟ್ಟರೂ ನ್ಯಾಯವಾದ ದಾರಿಯಲ್ಲಿ ಬರುವುದಿಲ್ಲ. ಜನ ಬಾಕ್ಸಿನ ಕಂಪನಿ, ಎಚ್‌ಡಿ, ಯುಎಸ್‌ಬಿ ಇದನ್ನೆಲ್ಲ ಗಂಟೆಗಟ್ಟಲೆ ವಿಚಾರಿಸುತ್ತಾರೆ. ಮೊದಲು ಕೇಳಬೇಕಾದ್ದು ಮನೆಯವರಿಗೆ ಯಾವ ಚಾನೆಲ್ ಬೇಕು, ಅದು ಯಾವ ಉಪಗ್ರಹದಿಂದ ಬೀಗ ಇಲ್ಲದೆ, ಅಂದರೆ ದುಡ್ಡು ಕಟ್ಟದೆ ನೋಡುವ ಹಾಗೆ, ಬರುತ್ತದೆ ಅನ್ನುವುದು. ಅದು ಗೊತ್ತಾದರೆ ಡಿಶ್ ಸೈಜು, ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ), ಬಾಕ್ಸು ಎಲ್ಲ ತಾನಾಗಿ ತೀರ್ಮಾನ ಆಗುತ್ತದೆ.

ಹಾಗಾದರೆ ಫ್ರೀ ಡಿಶ್‌ನಲ್ಲಿ ಬರುವುದೇನು? ಕನ್ನಡದಲ್ಲಿ ಖಂಡಿತ ಸಿಗುವುದು ನಮ್ಮ ಡಿಡಿ ಚಂದನ. ಇದನ್ನು ಕಡೆಗಣಿಸಬೇಡಿ. ವಾರ್ತೆ, ಕೃಷಿ ಕಾರ್ಯಕ್ರಮ, ಹಳೇ ಸಿನಿಮಾ, ಕ್ವಿಜ್, ಸಂಗೀತ ಎಲ್ಲ ಇದೆ, ಕಿರುಚಾಟ ಇಲ್ಲ. ಅಪ್ಪನ ವಯಸ್ಸಿನವರು ಅದೊಂದರಲ್ಲೇ ದಿನ ಕಳೆಯುವುದನ್ನು ಬೇಕಾದಷ್ಟು ಮನೆಗಳಲ್ಲಿ ನೋಡಿದ್ದೇನೆ. ಉಳಿದಂತೆ ದೂರದರ್ಶನದ ಬೇರೆ ರಾಜ್ಯಗಳ ಚಾನೆಲ್‌ಗಳು, ಡಿಡಿ ನ್ಯೂಸ್, ಡಿಡಿ ಕಿಸಾನ್ (ಇದು ಹಿಂದಿ), ರಾಶಿ ರಾಶಿ ಹಿಂದಿ ಸಿನಿಮಾ ಮತ್ತು ನ್ಯೂಸ್ ಚಾನೆಲ್‌ಗಳು, ಭೋಜಪುರಿ, ಭಕ್ತಿ ಚಾನೆಲ್‌ಗಳು. ಆಕಾಶವಾಣಿಯ ಹಲವು ಕೇಂದ್ರಗಳೂ ಟಿವಿಯಲ್ಲೇ ಕೇಳಿಸುತ್ತವೆ. ಅಣ್ಣನ ಮಕ್ಕಳು ಶಾಲೆಗೆ ಹೋಗುತ್ತಿದ್ದರೆ ಪಿಎಂ ಇ-ವಿದ್ಯಾ ಪಾಠದ ಚಾನೆಲ್‌ಗಳಿವೆ, ಕಾಲೇಜಿಗೆ ಹೋಗುವವರಿಗೆ ಸ್ವಯಂ ಪ್ರಭಾ ಇದೆ. ಒಟ್ಟು ಲೆಕ್ಕಕ್ಕೆ ಚಾನೆಲ್ ನೂರರ ಮೇಲೆ. ಆದರೆ ಅಂಗಡಿಯವರು ಹೇಳುವ ಆ ನೂರರಲ್ಲಿ ಕನ್ನಡದ್ದು ಎಷ್ಟು ಅಂತ ಎಣಿಸುವುದಕ್ಕೆ ಒಂದು ಕೈಯ ಬೆರಳು ಸಾಕು.

ಕ್ರಿಕೆಟ್ ವಿಷಯಕ್ಕೆ ಮಾತ್ರ ಫ್ರೀ ಡಿಶ್ಶೇ ಮೇಲು. 2007ರಲ್ಲಿ ಬಂದ ಒಂದು ಕಾಯ್ದೆ ಪ್ರಕಾರ, ರಾಷ್ಟ್ರೀಯ ಮಹತ್ವದ ಪಂದ್ಯ ಅಂತ ಸರ್ಕಾರ ಘೋಷಿಸಿದ್ದನ್ನು ಖಾಸಗಿ ಚಾನೆಲ್‌ನವರು ದೂರದರ್ಶನ ನಡೆಸುವ ಪ್ರಸಾರ ಭಾರತಿಗೂ ಕೊಡಲೇಬೇಕು. 2017ರಲ್ಲಿ ಸುಪ್ರೀಂ ಕೋರ್ಟ್, ಹಾಗೆ ಕೊಟ್ಟ ಪಂದ್ಯವನ್ನು ದೂರದರ್ಶನ ತನ್ನ ಸ್ವಂತ ಟವರ್ ಮತ್ತು ಸ್ವಂತ ಡಿಟಿಎಚ್‌ನಲ್ಲಿ ಮಾತ್ರ ತೋರಿಸಬಹುದು, ಕೇಬಲ್‌ಗೆ ಹಂಚುವಂತಿಲ್ಲ ಅಂದಿತು. ಅದಕ್ಕೇ ಭಾರತ ಆಡುವ ದೊಡ್ಡ ಪಂದ್ಯಗಳು ಫ್ರೀ ಡಿಶ್‌ನ ಡಿಡಿ ಸ್ಪೋರ್ಟ್ಸ್‌ನಲ್ಲಿ ಬಿಟ್ಟಿಯಾಗಿ ಬರುತ್ತವೆ, ಅದೇ ಹೊತ್ತಿಗೆ ಪಕ್ಕದ ಮನೆಯ ದುಡ್ಡಿನ ಡಿಟಿಎಚ್‌ನಲ್ಲಿ ಸ್ಪೋರ್ಟ್ಸ್ ಪ್ಯಾಕ್ ಹಾಕಿಸದೆ ಇದ್ದರೆ ಇಲ್ಲ. ಐಪಿಎಲ್ ಮಾತ್ರ ಕೇಳಬೇಡಿ.

ಈ ಫ್ರೀ ಡಿಶ್ ಶುರುವಾದದ್ದು 2004ರ ಡಿಸೆಂಬರ್‌ನಲ್ಲಿ, ಆಗ ಹೆಸರು ಡಿಡಿ ಡೈರೆಕ್ಟ್ ಪ್ಲಸ್. ಈಗ ಬರುತ್ತಿರುವುದು ಜಿಸ್ಯಾಟ್-15 ಅನ್ನುವ ಉಪಗ್ರಹದಿಂದ, ಅದು 2015ರ ನವೆಂಬರ್‌ನಲ್ಲಿ ಹಾರಿದ್ದು, 93.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ನಿಂತಿದೆ. ಈ 93.5 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇದರಲ್ಲಿ ಖಾಸಗಿ ಚಾನೆಲ್‌ಗಳು ಪುಕ್ಕಟೆ ಬರುತ್ತಿಲ್ಲ, ಹರಾಜಿನಲ್ಲಿ ದುಡ್ಡು ಕೊಟ್ಟು ಜಾಗ ಹಿಡಿಯುತ್ತವೆ, ಜಾಹೀರಾತಿನಲ್ಲಿ ಆ ದುಡ್ಡು ವಾಪಸ್ ತೆಗೆಯುತ್ತವೆ. ಲೆಕ್ಕ ಕೂಡಲಿಲ್ಲ ಅಂದರೆ ಎದ್ದು ಹೋಗುತ್ತವೆ. 2019ರ ಮಾರ್ಚ್‌ನಲ್ಲಿ ನಾಲ್ಕು ದೊಡ್ಡ ಕಂಪನಿಗಳ ಹಿಂದಿ ಚಾನೆಲ್‌ಗಳು ಒಟ್ಟಿಗೆ ಎದ್ದು ಹೋದವು, 2020ರಲ್ಲಿ ವಾಪಸ್ ಬಂದವು, 2022ರ ಏಪ್ರಿಲ್‌ಗೆ ಮತ್ತೆ ಹೋದವು. ಆದ್ದರಿಂದ ಅಂಗಡಿಯಲ್ಲಿ ಗೋಡೆಗೆ ಅಂಟಿಸಿದ ಚಾನೆಲ್ ಪಟ್ಟಿ ನಂಬಬೇಡಿ. ಕೊಳ್ಳುವ ದಿನ ಪ್ರಸಾರ ಭಾರತಿಯ ಜಾಲತಾಣದಲ್ಲಿ ಪಟ್ಟಿ ತೆಗೆದು ನೋಡಿ. ಹಾಕಿಸಿದ ಮೇಲೂ ಆಗಾಗ, ಮುಖ್ಯವಾಗಿ ಏಪ್ರಿಲ್ ಹೊತ್ತಿಗೆ, ಬಾಕ್ಸಿನಲ್ಲಿ ಆಟೋ ಸ್ಕ್ಯಾನ್ ಕೊಡಬೇಕು. ಇದನ್ನು ಅಣ್ಣನ ಮಕ್ಕಳಿಗೆ ಕಲಿಸಿಬಿಡಿ, ಇಲ್ಲದಿದ್ದರೆ "ಚಾನೆಲ್ ಹೋಯ್ತು" ಅಂತ ಮೆಕ್ಯಾನಿಕ್ ಕರೆಸಿ ಸುಮ್ನೆ ಇನ್ನೂರು ರೂಪಾಯಿ ಕೊಡುತ್ತಾರೆ.

ಇನ್ನು ಆ ಆರು ಅಡಿ ಡಿಶ್.

ಅದು ಸಿ-ಬ್ಯಾಂಡ್. ಚಿಕ್ಕ ಡಿಶ್ ಹಿಡಿಯುವುದು ಕೆಯು-ಬ್ಯಾಂಡ್. ಎರಡೂ ಉಪಗ್ರಹ ಕಳಿಸುವ ಅಲೆಗಳ ಬೇರೆ ಬೇರೆ ಗುಂಪು. ಸಿ-ಬ್ಯಾಂಡಿನಲ್ಲಿ ಒಂದೊಂದು ಅಲೆಯೂ ಏಳೆಂಟು ಸೆಂಟಿಮೀಟರ್ ಉದ್ದ, ಕೆಯುನಲ್ಲಿ ಮೂರಕ್ಕಿಂತ ಕಡಿಮೆ. ಅಲೆ ಉದ್ದವಾದಷ್ಟೂ, ಸಿಗ್ನಲ್ ಮಂದವಾದಷ್ಟೂ ಅದನ್ನು ಒಂದು ಕಡೆ ಸೇರಿಸುವುದಕ್ಕೆ ದೊಡ್ಡ ಡಿಶ್ ಬೇಕು. ಅದಕ್ಕೇ ಆರು ಅಡಿ, ಎಂಟು ಅಡಿ ಜಾಲರಿ ಡಿಶ್‌ಗಳು. ಈ ಸಿ-ಬ್ಯಾಂಡ್ ಇರುವುದು ಮುಖ್ಯವಾಗಿ ಕೇಬಲ್ ಆಪರೇಟರ್‌ಗಳಿಗೆ. ಚಾನೆಲ್‌ನವರು ತಮ್ಮ ಪ್ರಸಾರವನ್ನು ಅವರಿಗೆ ತಲುಪಿಸುವ ದಾರಿ ಅದು. 83 ಡಿಗ್ರಿಯಲ್ಲಿ ಜಿಸ್ಯಾಟ್-30, 66 ಡಿಗ್ರಿಯಲ್ಲಿ ಇಂಟೆಲ್‌ಸ್ಯಾಟ್-17, ಹೀಗೆ ಬೇರೆ ಬೇರೆ ಉಪಗ್ರಹಗಳಲ್ಲಿ ದಕ್ಷಿಣದ ಚಾನೆಲ್‌ಗಳು ಹರಡಿಕೊಂಡಿವೆ. ಅವುಗಳಲ್ಲಿ ನ್ಯೂಸ್, ಭಕ್ತಿ, ಸಣ್ಣಪುಟ್ಟ ಚಾನೆಲ್‌ಗಳು ಬೀಗ ಇಲ್ಲದೆ ಬರುವುದುಂಟು, ಅದು ನಿಜ. ಆದರೆ ಅದು ನಿಮ್ಮ ಮನೆಗೆ ಅಂತ ಕಳಿಸುತ್ತಿರುವುದಲ್ಲ. ಇವತ್ತು ತೆರೆದಿರುತ್ತದೆ, ನಾಳೆ ಬೀಗ ಹಾಕಬಹುದು, ಉಪಗ್ರಹವನ್ನೇ ಬದಲಾಯಿಸಬಹುದು, ಕೇಳುವುದಕ್ಕೆ ಯಾರೂ ಇಲ್ಲ. ಸೀರಿಯಲ್ ಚಾನೆಲ್‌ಗಳಿಗಂತೂ ಅಲ್ಲಿಯೂ ಬೀಗ ಇದ್ದೇ ಇದೆ.

ಹಾಗಾದರೆ "ಎಲ್ಲಾ ಕನ್ನಡ ಚಾನೆಲ್ ಜೀವನಪೂರ್ತಿ ಫ್ರೀ" ಅಂದವರು ಹೇಗೆ ಕೊಡುತ್ತಾರೆ? ಅದೇ ಕೇಳಬೇಕಾದ ಪ್ರಶ್ನೆ. ಸಾಮಾನ್ಯವಾಗಿ ಅವರು "ಸರ್ವರ್" ಅನ್ನುತ್ತಾರೆ. ಬಾಕ್ಸಿಗೆ ವೈಫೈ ಕೊಟ್ಟು, ಎಲ್ಲೋ ಒಂದು ಕಡೆ ಇರುವ ಒಂದು ದುಡ್ಡಿನ ಕಾರ್ಡಿನ ಕೀಲಿಯನ್ನು ನೂರಾರು ಜನರಿಗೆ ಹಂಚುವ ವ್ಯವಸ್ಥೆ ಅದು. ಶುದ್ಧ ಕಳ್ಳಮಾಲು. ಅದಕ್ಕೂ ವರ್ಷಕ್ಕೆ ಇಷ್ಟು ಅಂತ ದುಡ್ಡು ಕೊಡಬೇಕು, ಅಂದರೆ ಫ್ರೀಯೂ ಅಲ್ಲ. ಒಂದು ದಿನ ಸರ್ವರ್ ನಿಂತುಹೋಗುತ್ತದೆ, ಮಾರಿದವನ ಫೋನೂ ನಿಂತಿರುತ್ತದೆ. ಆ ಅಂಗಡಿಯವರ ಹತ್ತಿರ ಒಂದೇ ಮಾತು ಕೇಳಿ ನೋಡಿ: "ಬಾಕ್ಸಿಗೆ ಇಂಟರ್‌ನೆಟ್ ಬೇಕಾ?" ಬೇಕು ಅಂದರೆ ಎದ್ದು ಬನ್ನಿ.

ಇದರ ಮೇಲೆ 5ಜಿ ಕಾಟ ಬೇರೆ. ಸಿ-ಬ್ಯಾಂಡ್ ಉಪಗ್ರಹಗಳು ನಮಗೆ ಸಿಗ್ನಲ್ ಕಳಿಸುವುದು 3700ರಿಂದ 4200 ಮೆಗಾಹರ್ಟ್ಸ್‌ನಲ್ಲಿ. 2022ರ ಅಕ್ಟೋಬರ್‌ನಿಂದ ಶುರುವಾದ 5ಜಿಗೆ ಕೊಟ್ಟಿರುವ ಒಂದು ಭಾಗ 3300ರಿಂದ 3670ರವರೆಗೆ, ಅಂದರೆ ಪಕ್ಕದಲ್ಲೇ. ಹಳೇ ಸಿ-ಬ್ಯಾಂಡ್ ಎಲ್‌ಎನ್‌ಬಿಗಳು 3400ರಿಂದಲೇ ಕಿವಿ ತೆರೆದುಕೊಂಡಿರುತ್ತವೆ. 36,000 ಕಿಲೋಮೀಟರ್ ದೂರದಿಂದ ಬರುವ ಸಿಗ್ನಲ್ ಎಲ್ಲಿ, ಊರ ಮುಂದಿನ ಟವರ್ ಎಲ್ಲಿ? ಟವರ್ ಚಾಲೂ ಆದ ದಿನ ಚಾನೆಲ್ ಒಡೆಯುತ್ತದೆ. 5ಜಿ ಫಿಲ್ಟರ್ ಇರುವ ಎಲ್‌ಎನ್‌ಬಿ ಹಾಕಿದರೆ ಸಾಕಷ್ಟು ಸರಿಯಾಗುತ್ತದೆ, ಆದರೆ ಅಂಥದ್ದಕ್ಕೆ ಬೆಂಗಳೂರಿನ ಎಸ್.ಪಿ. ರೋಡ್‌ವರೆಗೂ ಹೋಗಬೇಕಾಗಬಹುದು. ಸಿ-ಬ್ಯಾಂಡ್ ಒಂದು ಹವ್ಯಾಸ. ಉಪಗ್ರಹ ಹುಡುಕುವುದರಲ್ಲೇ ಖುಷಿ ಇರುವವರಿಗೆ ಬಲು ಚೆನ್ನಾಗಿರುತ್ತದೆ, ನನಗೂ ಆ ಚಟ ಇದೆ. ವಯಸ್ಸಾದವರಿರುವ ಮನೆಗೆ ಮೊದಲ ಡಿಶ್ ಆಗಿ ಬೇಡ. ಅಪ್ಪನಿಗೆ ಕನ್ನಡ ನ್ಯೂಸ್ ಬೇಕು ಅನ್ನುವುದೇ ಕಾರಣವಾದರೆ, ಹೊಸ ಟಿವಿ ಸ್ಮಾರ್ಟ್ ಟಿವಿ ಆಗಿದ್ದು ಮನೆಯಲ್ಲಿ ನೆಟ್ ಇದ್ದರೆ, ಹೆಚ್ಚುಕಮ್ಮಿ ಎಲ್ಲ ಕನ್ನಡ ನ್ಯೂಸ್ ಚಾನೆಲ್‌ಗಳೂ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತವೆ. ಅದಕ್ಕಾಗಿ ಮಾಳಿಗೆ ಮೇಲೆ ಆರು ಅಡಿ ಕಬ್ಬಿಣ ನಿಲ್ಲಿಸಬೇಕಿಲ್ಲ.

ಸರಿ, ಚಿಕ್ಕ ಡಿಶ್ಶೇ ಅಂದುಕೊಳ್ಳೋಣ. 60 ಸೆಂಟಿಮೀಟರ್, ಅಂದರೆ ಎರಡು ಅಡಿ, ನಮ್ಮ ಕಡೆ ಸಾಕು. ಮಲೆನಾಡಿನವರು ಜಡಿಮಳೆಗೆ ಅಂತ ಇನ್ನೂ ದೊಡ್ಡದು ಹಾಕಿಸುತ್ತಾರೆ, ಅದರಲ್ಲಿ ಅರ್ಥ ಇದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಜೋರು ಮಳೆ ಬರುವುದೇ ವರ್ಷಕ್ಕೆ ಕೆಲವು ದಿನ, ಬಂದಾಗ ಹತ್ತು ಹದಿನೈದು ನಿಮಿಷ ಚಿತ್ರ ಹೋಗುತ್ತದೆ, ಮಳೆ ತಗ್ಗಿದರೆ ತಾನೇ ಬರುತ್ತದೆ. ಮಳೆ ಬಂದರೆ ಸಾಕು ಅನ್ನುವ ಊರಿನಲ್ಲಿ ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಬಿಡಿ.

ಬಾಕ್ಸ್ ತಗೊಳ್ಳುವಾಗ ನೋಡಬೇಕಾದ್ದು ಮುಖ್ಯವಾಗಿ ಒಂದೇ: ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ) ಇರಬೇಕು. ಫ್ರೀ ಡಿಶ್‌ನಲ್ಲಿ ಹಳೇ ಎಂಪೆಗ್-2 ಚಾನೆಲ್‌ಗಳೂ ಇವೆ, ಹೊಸ ಎಂಪೆಗ್-4 ಚಾನೆಲ್‌ಗಳೂ ಇವೆ. ಎಂಪೆಗ್-2 ಬಾಕ್ಸಿನಲ್ಲಿ ಮೊದಲನೇ ಗುಂಪು ಮಾತ್ರ ಬರುತ್ತದೆ. ಅಂಗಡಿಗಳಲ್ಲಿ ಹಳೇ ಸ್ಟಾಕು ಇನ್ನೂ ಇರುತ್ತದೆ, ನೂರು ಇನ್ನೂರು ಕಡಿಮೆಗೆ ಕೊಡುತ್ತಾರೆ, ಬೇಡ. ಡಬ್ಬದ ಮೇಲೆ ಎಂಪೆಗ್-4, ಡಿವಿಬಿ-ಎಸ್2 ಅಂತ ಬರೆದಿರಬೇಕು. ಹಳೇ ಡಬ್ಬಾ ಟಿವಿ ಇದ್ದರೆ ಕೆಂಪು-ಬಿಳಿ-ಹಳದಿ ಪಿನ್ನು ಹಾಕುವ ಜಾಗ ಇದೆಯಾ ನೋಡಿ, ಹೊಸ ಟಿವಿಯಾದರೆ ಎಚ್‌ಡಿಎಂಐ. ಯುಎಸ್‌ಬಿ, ರೆಕಾರ್ಡಿಂಗ್, ಬಾಕ್ಸಿನೊಳಗೆ ಗೇಮ್, ಇದಕ್ಕೆಲ್ಲ ಜಾಸ್ತಿ ದುಡ್ಡು ಕೊಡಬೇಡಿ. ಬದಲಿಗೆ ರಿಮೋಟ್ ಕೈಯಲ್ಲಿ ಹಿಡಿದು ನೋಡಿ. ಅಕ್ಷರ ದೊಡ್ಡದಾಗಿರಲಿ, ಬಟನ್ ಗಟ್ಟಿಯಾಗಿರಲಿ. ಬಾಕ್ಸ್ ಕೆಡುವುದಕ್ಕಿಂತ ಮುಂಚೆ ಅಡಾಪ್ಟರ್ ಮತ್ತು ರಿಮೋಟ್ ಕೆಡುತ್ತವೆ. ಅದರಲ್ಲೂ ಪಂಪ್‌ಸೆಟ್ ಶುರುವಾದ ಕೂಡಲೇ ವೋಲ್ಟೇಜ್ ಕುಣಿಯುವ ನಮ್ಮ ಹಳ್ಳಿಗಳಲ್ಲಿ 12 ವೋಲ್ಟಿನ ಹೊರಗಿನ ಅಡಾಪ್ಟರ್ ಇರುವ ಬಾಕ್ಸೇ ಒಳ್ಳೆಯದು, ಸುಟ್ಟರೆ ಅಡಾಪ್ಟರ್ ಒಂದನ್ನೇ ಬದಲಾಯಿಸಬಹುದು.

ಟಿವಿ ಹಿಂದಿನ ಆ ತೂತಿನ ವಿಷಯ. ಅದು ಕೇಬಲ್ಲನ್ನು ತಿರುಗಿಸಿ ಹಾಕುವ ಮರೆ (ತಿರುಪಿನ ಗೀರು) ಇರುವ ಪಿನ್ನಾಗಿದ್ದು, ಪಕ್ಕದಲ್ಲಿ ಎಲ್‌ಎನ್‌ಬಿ ಇನ್ ಅಂತಲೋ ಸ್ಯಾಟಲೈಟ್ ಅಂತಲೋ ಬರೆದಿದ್ದರೆ, ಟಿವಿ ಒಳಗೇ ಬಾಕ್ಸ್ ಇದೆ ಅಂತ ಅರ್ಥ. ಡಿಶ್‌ನ ಕೇಬಲ್ ನೇರ ಅದಕ್ಕೇ ಹಾಕಿ, ಮೆನುವಿನಲ್ಲಿ ಸ್ಯಾಟಲೈಟ್ ಆರಿಸಿ ಸ್ಕ್ಯಾನ್ ಕೊಟ್ಟರೆ ಬಹಳಷ್ಟು ಚಾನೆಲ್ ಬರುತ್ತವೆ. ಬಾಕ್ಸಿನ ಖರ್ಚೇ ಉಳಿಯಿತು, ರಿಮೋಟೂ ಒಂದೇ ಆಯಿತು. ನಾನಾಗಿದ್ದರೆ ಮೊದಲು ಇದನ್ನೇ ನೋಡಿ, ಬೇಕಾದ ಚಾನೆಲ್ ಬರಲಿಲ್ಲ ಅಂದರೆ ಮಾತ್ರ ಬಾಕ್ಸ್ ತರುತ್ತೇನೆ. ನಯವಾದ, ಮರೆ ಇಲ್ಲದ ದಪ್ಪ ಪಿನ್ನಾದರೆ ಅದು ಹಳೇ ಕಾಲದ ಆಂಟೆನಾಗೆ, ಇದಕ್ಕೆ ಆಗುವುದಿಲ್ಲ.

ಹಳೇ ಡಿಶ್ ಬಳಸಬಹುದಾ ಅಂದಿರಿ. ತಟ್ಟೆ, ಪೈಪು, ಕೇಬಲ್ಲು ಧಾರಾಳವಾಗಿ ಬಳಸಬಹುದು, ತುಕ್ಕು ಹಿಡಿದು ಸೊಟ್ಟಗಾಗಿಲ್ಲ ಅಂದರೆ. ಎಲ್‌ಎನ್‌ಬಿ ಕೂಡ ಬಹುತೇಕ ಆಗುತ್ತದೆ. ಆದರೆ ಪ್ರತಿ ಕಂಪನಿ ಒಂದೊಂದು ಉಪಗ್ರಹದ ಕಡೆ ಮುಖ ಮಾಡಿದೆ. ಟಾಟಾ ಪ್ಲೇ 83 ಡಿಗ್ರಿ, ಡಿ2ಎಚ್ 88, ಡಿಶ್ ಟಿವಿ 95, ಏರ್‌ಟೆಲ್ 108ರ ಹತ್ತಿರ. ಇವುಗಳನ್ನು ತಿರುಗಿಸಬೇಕು. ಸನ್ ಡೈರೆಕ್ಟ್ ಮಾತ್ರ ಫ್ರೀ ಡಿಶ್ ಇರುವ 93.5ರಿಂದಲೂ ಪ್ರಸಾರ ಮಾಡುತ್ತದೆ, ಹಾಗಾಗಿ ಮನೆಯಲ್ಲಿ ಸನ್ ಡೈರೆಕ್ಟ್ ಡಿಶ್ ಇದ್ದರೆ ಏನನ್ನೂ ಅಲ್ಲಾಡಿಸದೆ ಕೇಬಲ್ ಬಿಚ್ಚಿ ಫ್ರೀ ಡಿಶ್ ಬಾಕ್ಸಿಗೆ ಹಾಕಿ ನೋಡಿ, ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ಚಂದನ ಬಂದುಬಿಡುತ್ತದೆ. ದುಡ್ಡಿನ ಕಂಪನಿಯ ಬಾಕ್ಸ್ ಮಾತ್ರ ಇದಕ್ಕೆ ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ.

ಎಲ್ಲ ಹೊಸದೇ ತಗೊಂಡರೆ ಡಿಶ್, ಎಲ್‌ಎನ್‌ಬಿ, ಬಾಕ್ಸ್, ಕೇಬಲ್ ಸೇರಿ ಸುಮಾರು 2,000 ರೂಪಾಯಿ ಆಸುಪಾಸು. ಫ್ರೀ ಡಿಶ್‌ನ ಮುಖ್ಯ ಫ್ರೀಕ್ವೆನ್ಸಿಗಳೆಲ್ಲ ಕೆಳಗಿನ ಬ್ಯಾಂಡಿನಲ್ಲಿ, ವರ್ಟಿಕಲ್‌ನಲ್ಲೇ (ನೆಟ್ಟಗೆ ಕಂಪಿಸುವ ಅಲೆಯಲ್ಲೇ) ಇರುವುದರಿಂದ ಸಾಧಾರಣ ಯೂನಿವರ್ಸಲ್ ಎಲ್‌ಎನ್‌ಬಿ ಸಾಕು. ಎರಡು ಟಿವಿಗೆ ಬೇಕಾದರೆ ಮಾತ್ರ ಎರಡು ಬಾಯಿಯ ಎಲ್‌ಎನ್‌ಬಿ ಕೇಳಿ.

ಈಗ ಜಾಗ. ಡಿಶ್ ಆಗ್ನೇಯಕ್ಕೆ ನೋಡಬೇಕು. ವಾಸ್ತು ನೋಡಿ ಕಟ್ಟಿದ ಮನೆಯಾದರೆ ಅಡುಗೆಮನೆ ಇರುವ ಮೂಲೆ ಅದೇ. ಸರಿಯಾಗಿ ಹೇಳಬೇಕೆಂದರೆ ಉತ್ತರದಿಂದ ಗಡಿಯಾರದ ದಿಕ್ಕಿನಲ್ಲಿ 128 ಡಿಗ್ರಿ, ಕೋಲಾರ ಮತ್ತು ಚಿಕ್ಕಬಳ್ಳಾಪುರದಲ್ಲಿ ಒಂದೆರಡು ಡಿಗ್ರಿ ಜಾಸ್ತಿ. ಮೊಬೈಲಿನ ದಿಕ್ಸೂಚಿಯಲ್ಲಿ ನೋಡಿದರೆ ಸಾಕು, ಆದರೆ ಕಬ್ಬಿಣದ ಪೈಪಿಗೆ ಅಂಟಿಸಿಕೊಂಡು ನೋಡಬೇಡಿ, ಸುಳ್ಳು ತೋರಿಸುತ್ತದೆ. ಎತ್ತರ 65 ಡಿಗ್ರಿ. ಇದು ನೆತ್ತಿಗೆ ಹತ್ತಿರ. ನಮಗೆ ಇದೊಂದು ಅನುಕೂಲ, ಯಾಕೆಂದರೆ ಮರ ಅಡ್ಡ ಬರುವುದು ಕಡಿಮೆ. ಐದು ಮೀಟರ್ ದೂರದಲ್ಲಿ ತೆಂಗಿನ ಮರ ಇದ್ದರೆ, ಅದು ಡಿಶ್‌ಗಿಂತ ಹತ್ತು ಮೀಟರ್ ಮೇಲಕ್ಕೆ ಹೋದರೂ ಸಿಗ್ನಲ್ ಅದರ ತಲೆ ಮೇಲಿನಿಂದ ಇಳಿಯುತ್ತದೆ. ನಿಮ್ಮ ಕಡೆ ತೆಂಗು, ಅಡಿಕೆ ಮನೆ ಗೋಡೆಗೇ ತಾಗಿಕೊಂಡು ಇರುತ್ತವಲ್ಲ, ಗರಿ ಮಾತ್ರ ನೋಡಿಕೊಳ್ಳಿ. ಈಗ ಗರಿ ಬಗ್ಗಿಲ್ಲ, ಗಾಳಿಗೆ ಬಗ್ಗುತ್ತದೆ.

ದಾರಿ ಖಾಲಿ ಇದೆಯಾ ಅಂತ ನೋಡುವುದಕ್ಕೆ ಯಾವ ಯಂತ್ರವೂ ಬೇಡದ ಒಂದು ಉಪಾಯ ಇದೆ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಗೆ, ಬೆಳಗ್ಗೆ 11ರ ಆಸುಪಾಸಿನಲ್ಲಿ, ನಮ್ಮ ಕಡೆಯಿಂದ ನೋಡಿದರೆ ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆಯೇ ಬರುತ್ತಾನೆ. ಆ ಹೊತ್ತಿನಲ್ಲಿ ನೀವು ಡಿಶ್ ಇಡಬೇಕೆಂದಿರುವ ಜಾಗದ ಮೇಲೆ ಬಿಸಿಲು ಬಿದ್ದಿದ್ದರೆ ಸಿಗ್ನಲ್ಲೂ ಬೀಳುತ್ತದೆ, ನೆರಳಿದ್ದರೆ ಬೇರೆ ಜಾಗ ನೋಡಿ. ಡಿಶ್ ಕೂರಿಸಿದ ಮೇಲೂ ಇದು ಗೊತ್ತಿರಲಿ: ಆ ಕೆಲವು ದಿನ ಅದೇ ಹೊತ್ತಿಗೆ ಸ್ವಲ್ಪ ನಿಮಿಷ ಚಿತ್ರ ಒಡೆಯುತ್ತದೆ, ಸೂರ್ಯನ ಗದ್ದಲದಲ್ಲಿ ಉಪಗ್ರಹದ ದನಿ ಕೇಳುವುದಿಲ್ಲ. ಯಾರನ್ನೂ ಕರೆಸಬೇಡಿ.

ಪೈಪ್ ನೆಟ್ಟಗೆ ನಿಲ್ಲಬೇಕು. ರಸಮಟ್ಟ ಇಟ್ಟು ಎರಡು ಕಡೆಯಿಂದ ನೋಡಿ. ಪೈಪ್ ವಾಲಿದ್ದರೆ ಡಿಶ್ ತಿರುಗಿಸಿದಂತೆಲ್ಲ ಎತ್ತರವೂ ಬದಲಾಗುತ್ತ ಹೋಗಿ ಅರ್ಧ ದಿನ ಹಾಳು. ಶೀಟಿನ ಮನೆಯಾದರೆ ಶೀಟಿಗೆ ಕಟ್ಟಬೇಡಿ, ಗೋಡೆಗೆ ಕ್ಲಾಂಪ್ ಹಾಕಿಸಿ. ಆಷಾಢದ ಗಾಳಿಗೆ ಶೀಟು ಒಂದು ಚೂರು ಕುಣಿದರೂ ಚಿತ್ರ ಕುಣಿಯುತ್ತದೆ.

ಇನ್ನೊಂದು ವಿಷಯಕ್ಕೆ ಹೊಸಬರು ಗಾಬರಿಯಾಗುತ್ತಾರೆ. ಉಪಗ್ರಹ 65 ಡಿಗ್ರಿ ಮೇಲಿದೆ ಅಂದರೂ ಡಿಶ್‌ನ ಮುಖ ನೋಡಿದರೆ 40ರ ಹತ್ತಿರ ನೋಡುತ್ತಿರುವ ಹಾಗೆ ಕಾಣುತ್ತದೆ. ತಪ್ಪಲ್ಲ. ಈ ಚಿಕ್ಕ ಡಿಶ್‌ಗಳನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ, ಎಲ್‌ಎನ್‌ಬಿ ಸಿಗ್ನಲ್‌ಗೆ ಅಡ್ಡ ಬರದೆ ಕೆಳಗೆ ಕೂರಲಿ ಅಂತ. ಅಳತೆಗೆ ಹಿಂದಿನ ಕ್ಲಾಂಪಿನ ಮೇಲೆ ಕೊರೆದ ಡಿಗ್ರಿ ಗೀಟು ನೋಡಿ, ಮುಖ ನೋಡಬೇಡಿ.

ಈಗ ಕೂರಿಸುವುದು. ಬಾಕ್ಸಿನ ಮೆನುವಿನಲ್ಲಿ ಎಲ್‌ಎನ್‌ಬಿ 9750/10600 ಇಡಿ. ಟಿಪಿ, ಅಂದರೆ ಉಪಗ್ರಹದ ಪ್ರಸಾರದ ಫ್ರೀಕ್ವೆನ್ಸಿ, 11090, ವರ್ಟಿಕಲ್, ಸಿಂಬಲ್ ರೇಟ್ 29500 ಆರಿಸಿ. ಪರದೆಯಲ್ಲಿ ಎರಡು ಪಟ್ಟಿ ಬರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಸ್ಟ್ರೆಂತ್ ನೋಡಿ ಖುಷಿಪಡಬೇಡಿ, ಕೇಬಲ್ ಸರಿಯಾಗಿದ್ದರೆ ಡಿಶ್ ಆಕಾಶದ ಯಾವ ಕಡೆ ನೋಡುತ್ತಿದ್ದರೂ ಅದು ಏರುತ್ತದೆ. ನಮಗೆ ಬೇಕಾದ್ದು ಕ್ವಾಲಿಟಿ. ಒಬ್ಬರು ಮಾಳಿಗೆ ಮೇಲೆ, ಒಬ್ಬರು ಟಿವಿ ಮುಂದೆ, ನಡುವೆ ಫೋನು. ಕೆಳಗಿರುವವರು "ಬಂತು, ಬಂತು... ಹೋಯ್ತು" ಅನ್ನುವುದರ ಬದಲು ಸಂಖ್ಯೆ ಹೇಳಿದರೆ ಕೆಲಸ ಬೇಗ ಮುಗಿಯುತ್ತದೆ. ಎತ್ತರವನ್ನು ಗೀಟಿಗೆ ಇಟ್ಟು, ಡಿಶ್ಶನ್ನು ಎಡದಿಂದ ಬಲಕ್ಕೆ ಒಂದಿಷ್ಟೇ ಇಷ್ಟು ಸರಿಸಿ, ಕೈ ಬಿಡಿ, ಮೂರು ಸೆಕೆಂಡ್ ಕಾಯಿರಿ. ಬಾಕ್ಸಿಗೆ ಹಿಡಿಯುವುದಕ್ಕೆ ಅಷ್ಟು ಹೊತ್ತು ಬೇಕು. ಸರಸರ ತಿರುಗಿಸುವವರಿಗೆ ಸಿಗ್ನಲ್ ದಾಟಿ ಹೋಗಿದ್ದೇ ಗೊತ್ತಾಗುವುದಿಲ್ಲ. ಎರಡು ಅಡಿ ಡಿಶ್‌ನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಡಿಶ್ ಒಂದು ಡಿಗ್ರಿ ತಿರುಗಿಹೋಯಿತು. ಪಕ್ಕದ 95 ಡಿಗ್ರಿ ಉಪಗ್ರಹ ಇರುವುದು ಒಂದೂವರೆ ಡಿಗ್ರಿ ಆಚೆ, 91.5ರಲ್ಲಿ ಈಚೆ ಇನ್ನೊಂದಿದೆ. ಅದಕ್ಕೇ ಕ್ವಾಲಿಟಿ ಬಂದ ಕೂಡಲೇ ಬೋಲ್ಟ್ ಬಿಗಿಮಾಡಬೇಡಿ, ಮೊದಲು ಸ್ಕ್ಯಾನ್ ಕೊಟ್ಟು ಡಿಡಿ ಚಾನೆಲ್‌ಗಳ ಹೆಸರು ಬಂತಾ ನೋಡಿ. ಬೀಗದ ಗುರುತಿನ ಚಾನೆಲ್‌ಗಳೇ ಸಾಲಾಗಿ ಬಂದರೆ ನೀವು ಪಕ್ಕದ ಮನೆ ಬಾಗಿಲು ತಟ್ಟಿದ್ದೀರಿ.

ಆಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಕ್ವಾಲಿಟಿ ಎಲ್ಲಿ ಹೆಚ್ಚು ಅಂತ ಹುಡುಕಿ. ಮೊಬೈಲಿನಲ್ಲಿ ಸಿಗುವ ಹೆಚ್ಚಿನ ವಿಡಿಯೋಗಳು ಉತ್ತರದ ರಾಜ್ಯಗಳವು, ಅಲ್ಲಿ ತೋರಿಸಿದ ಕೋನವೇ ನಮ್ಮಲ್ಲೂ ಸರಿ ಅಂತ ಇಲ್ಲ. ಈ ಒಂದು ಕೆಲಸವನ್ನು ಬಹಳ ಮೆಕ್ಯಾನಿಕ್‌ಗಳು ಮಾಡುವುದೇ ಇಲ್ಲ. ಬಿಸಿಲಲ್ಲಿ ಚಿತ್ರ ಬಂದರೆ ದುಡ್ಡು ತಗೊಂಡು ಹೊರಟುಬಿಡುತ್ತಾರೆ, ಮೊದಲ ಮೋಡಕ್ಕೇ ಚಿತ್ರ ಹೋಗುತ್ತದೆ. ಒಂದೇ ಟಿಪಿ ನೋಡಿ ನಿಲ್ಲಿಸಬೇಡಿ, 11170, 11470, 11630 ಕೂಡ ನೋಡಿ. ಬೋಲ್ಟ್‌ಗಳನ್ನು ಒಂದಾದ ಮೇಲೆ ಒಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಆ ಕಡೆಗೆ ಎಳೆದುಕೊಳ್ಳುತ್ತದೆ. ಕೊನೆಗೆ ಪೈಪಿನ ಮೇಲೆ ಮಾರ್ಕರ್‌ನಿಂದ ಒಂದು ಗೀಟು ಹಾಕಿಡಿ. ಕೋತಿ ಜೋತು ಬಿದ್ದು ತಿರುಗಿಸಿದರೆ ಅಣ್ಣನೇ ವಾಪಸ್ ಕೂರಿಸಬಹುದು.

ಕೇಬಲ್ ಆರ್‌ಜಿ-6 ಇರಲಿ, ನಡುವೆ ಜಾಯಿಂಟ್ ಬೇಡ. ಕನೆಕ್ಟರ್ ಹಾಕುವಾಗ ಹೊರಗಿನ ಜಾಲರಿಯ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು. ಅದೇ ತಂತಿಯಲ್ಲಿ ಬಾಕ್ಸಿನಿಂದ ಎಲ್‌ಎನ್‌ಬಿಗೆ ಕರೆಂಟ್ ಹೋಗುವುದರಿಂದ, ತಾಗಿದರೆ ಶಾರ್ಟ್. ಕೇಬಲ್ ಬಿಚ್ಚುವಾಗ ಹಾಕುವಾಗ ಬಾಕ್ಸ್ ಸ್ವಿಚ್ ಆಫ್ ಮಾಡಿ. ಎಲ್‌ಎನ್‌ಬಿ ಹತ್ತಿರ ಕೇಬಲ್ಲನ್ನು ಕೆಳಕ್ಕೆ ಒಂದು ಬಳುಕು ಬಿಟ್ಟು ಕಟ್ಟಿ, ಮಳೆ ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ, ಕನೆಕ್ಟರ್ ಒಳಗೆ ಇಳಿಯುವುದಿಲ್ಲ. ಏಪ್ರಿಲ್, ಮೇ ಗುಡುಗಿಗೆ ಟಿವಿ ಪ್ಲಗ್ ತೆಗೆಯುತ್ತೀರಲ್ಲ, ಡಿಶ್ ಕೇಬಲ್ಲನ್ನೂ ಬಾಕ್ಸಿನಿಂದ ಬಿಚ್ಚಿಡಿ. ಸಿಡಿಲಿನ ಹೊಡೆತ ಕರೆಂಟ್ ಲೈನಿನಿಂದ ಮಾತ್ರ ಬರುವುದಲ್ಲ.

ಇನ್ನು ನಿಮ್ಮ ಮನೆಗೆ ನಾನು ಏನು ಮಾಡುತ್ತಿದ್ದೆ ಅಂದರೆ: ಹಳೇ ಡಿಟಿಎಚ್ ತೆಗೆಯುತ್ತಿರಲಿಲ್ಲ. ಅದರ ಪಕ್ಕಕ್ಕೇ ಎರಡು ಅಡಿ ಫ್ರೀ ಡಿಶ್ ಹಾಕಿಸಿ, ಅದರ ಕೇಬಲ್ಲನ್ನು ಟಿವಿಯ ಆ ತೂತಿಗೆ ಹಾಕುತ್ತಿದ್ದೆ. ಅಪ್ಪನ ಚಂದನ, ಕ್ರಿಕೆಟ್, ಮಕ್ಕಳ ಪಾಠ ಅದರಲ್ಲಿ. ಅಮ್ಮ, ಅತ್ತಿಗೆ ನೋಡುವ ಸೀರಿಯಲ್ ಚಾನೆಲ್‌ಗಳು ಯಾವುವು ಅಂತ ಕೇಳಿಕೊಂಡು, ಡಿಟಿಎಚ್‌ನಲ್ಲಿ ಅಷ್ಟನ್ನು ಮಾತ್ರ ಬಿಡಿಬಿಡಿಯಾಗಿ ಇಟ್ಟುಕೊಂಡು, ದೊಡ್ಡ ಪ್ಯಾಕ್ ತೆಗೆಸಿಬಿಡುತ್ತಿದ್ದೆ. 2019ರಿಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಹಾಗೆ ಬೇಕಾದ ಚಾನೆಲ್ ಮಾತ್ರ ಆರಿಸಿಕೊಳ್ಳಬಹುದು. ನೆಟ್‌ವರ್ಕ್ ಶುಲ್ಕ ಅಂತ ಒಂದಿಷ್ಟು ಕೊಡಲೇಬೇಕು, ಆದರೂ ಈಗ ಕೊಡುತ್ತಿರುವುದಕ್ಕಿಂತ ಬಹುಶಃ ಕಡಿಮೆ ಆಗುತ್ತದೆ. ಅವರು ಸೀರಿಯಲ್ಲೇ ನೋಡುವುದಿಲ್ಲ ಅಂದರೆ ಡಿಟಿಎಚ್ ನಿಲ್ಲಿಸಿ, ಅದರ ಡಿಶ್ಶನ್ನೇ 93.5ಕ್ಕೆ ತಿರುಗಿಸಿ, ಸಾವಿರ ರೂಪಾಯಿ ಉಳಿಸಿ. ಇನ್ನು ರೀಚಾರ್ಜ್ ಮರೆಯುವ ವಿಷಯ. ಖಾತೆಯಲ್ಲಿರುವ ಮೊಬೈಲ್ ನಂಬರ್ ನಿಮ್ಮದೋ ಅಣ್ಣನದೋ ನೋಡಿ. ದುಡ್ಡು ಮುಗಿಯುವ ಮುಂಚೆ ಮೆಸೇಜ್ ಹೋಗುವುದು ಆ ನಂಬರಿಗೇ. ಅಣ್ಣನದು ಮಾಡಿಸಿ.